ಗೋಡೆಗೆ ಮುಖ ಮಾಡಿದ ಚಂದ್ರಿಕೆ

"ಅದ್ನ ಮಾತ್ರ ಮುಟ್ಬ್ಯಾಡ ಕಣವ್ವ. ಬೇರೆ ಯಾವುದ್ನಾರ ತಕೋ."

ಸಿದ್ದಲಿಂಗಮ್ಮ ಇಷ್ಟು ಹೇಳುವ ಹೊತ್ತಿಗೆ ಹೇಮಶ್ರೀ ಆಗಲೇ ಅದನ್ನು ಮುಟ್ಟಿದ್ದಳು. ಮುಟ್ಟುವುದೇನು, ಎರಡೂ ಕೈಯಲ್ಲಿ ಹಿಡಿದು ಗೋಡೆಯಿಂದ ಈಚೆಗೆ ತಿರುಗಿಸಿ, ಬಾಗಿಲಿನ ಬೆಳಕಿಗೆ ಒಡ್ಡಿ, ಹಿಂಬದಿಯ ಬಿದಿರ ದಬ್ಬೆಯೊಂದನ್ನು ಹೆಬ್ಬೆರಳಿನಿಂದ ಬಗ್ಗಿಸಿ ನೋಡುತ್ತಿದ್ದಳು. ದಬ್ಬೆ ಚೆನ್ನಾಗಿ ಬಾಗಿತು, ಬಿಟ್ಟ ಕೂಡಲೇ ಟಪ್ಪೆಂದು ನೆಟ್ಟಗಾಯಿತು. ಒಂದು ಸಿಬಿರೂ ಏಳಲಿಲ್ಲ. ಒಂದು ವಾರದಿಂದ ಅವಳು ಹುಡುಕುತ್ತಿದ್ದದ್ದು ಇದನ್ನೇ.

ಹೊಣಕೆರೆ ಕಡೆಯ ಆ ಊರಿನಲ್ಲಿ, ಅವಳ ಗಂಡನ ಮನೆಯ ಹಿತ್ತಲಲ್ಲಿದ್ದ ಹಳೆಯ ಹುಳುಮನೆ ಅದು. ರೇಷ್ಮೆ ಹುಳು ಸಾಕುವುದು ನಿಂತು ಎಷ್ಟೋ ವರ್ಷವಾಗಿದ್ದರೂ ಕಿಟಕಿಗಳಿಗೆ ಹೊಡೆದಿದ್ದ ಗೋಣಿತಾಟು ಹಾಗೇ ಇತ್ತು. ನಡು ಮಧ್ಯಾಹ್ನದಲ್ಲೂ ಒಳಗೆ ಕಗ್ಗತ್ತಲೆ. ಒಣಗಿದ ಹಿಪ್ಪುನೇರಳೆ ಸೊಪ್ಪು, ಹುಳುವಿನ ಹಿಕ್ಕೆ, ಬ್ಲೀಚಿಂಗ್ ಪುಡಿ, ಇಲಿ ಉಚ್ಚೆ ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಅಲ್ಲಿ ಹನ್ನೊಂದು ಚಂದ್ರಿಕೆಗಳಿದ್ದವು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರ ಚಾಪೆ. ಅದರ ಮೇಲೆ ತೆಳ್ಳನೆಯ ಬಿದಿರ ಪಟ್ಟಿಯನ್ನು ನಡುವಿನಿಂದ ಅಂಚಿನವರೆಗೂ ಸುರುಳಿ ಸುರುಳಿಯಾಗಿ ಕಟ್ಟಿರುತ್ತಾರೆ. ಸೊಪ್ಪು ಮೇಯ್ದು ಹಣ್ಣಾದ ಹುಳುವನ್ನು ಆ ಸುರುಳಿಯ ಸಂದಿಗೆ ಬಿಟ್ಟರೆ ಅಲ್ಲೇ ಕೂತು ತನ್ನ ಸುತ್ತ ತಾನೇ ನೂಲು ಸುತ್ತಿಕೊಂಡು ಗೂಡು ಕಟ್ಟುತ್ತದೆ. ಈಗೆಲ್ಲ ಪ್ಲಾಸ್ಟಿಕ್ಕಿನವು ಬಂದು ಇವುಗಳನ್ನು ಕೇಳುವವರಿಲ್ಲ. ಹತ್ತು ಚಂದ್ರಿಕೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಹನ್ನೊಂದನೆಯದಕ್ಕೆ ಒಂದು ತೂತೂ ಇರಲಿಲ್ಲ. ಗೆದ್ದಲೇ ಬಿಟ್ಟು ಹೋಗಿದ್ದನ್ನು ತಾನು ಯಾಕೆ ಎತ್ತಿಕೊಳ್ಳುತ್ತಿದ್ದೇನೆ ಎಂದು ಹೇಮಶ್ರೀ ಒಂದು ಗಳಿಗೆ ಯೋಚಿಸಬಹುದಿತ್ತು. ಯೋಚಿಸಲಿಲ್ಲ.

ಯಾಕೆ ಮುಟ್ಟಬಾರದು ಎಂದು ಕೇಳಿದಳು. ಗಂಡನ ಅಜ್ಜಿ ಸಿದ್ದಲಿಂಗಮ್ಮ ಹೊಸ್ತಿಲಿನಿಂದ ಒಳಗೆ ಕಾಲಿಡದೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಗ್ವಾಡೆಗೆ ಮೊಕ ಮಾಡಿ ಸುಮ್ಕೆ ನಿಲ್ಸಿದ್ದೀನಾ? ಅದ್ನ ಸುಡಂಗಿಲ್ಲ, ನೀರಿಗ್ ಬುಡಂಗಿಲ್ಲ, ಸೀಳಂಗಿಲ್ಲ. ಮಾಟದ್ದು ಕಣವ್ವ ಅದು."

ಹೇಮಶ್ರೀಗೆ ನಗು ಬಂತು. ಮೈಸೂರಿನಲ್ಲಿ ಹುಟ್ಟಿ ಬೆಳೆದು ಅಲ್ಲೇ ಬಟ್ಟೆ ವಿನ್ಯಾಸದ ಡಿಪ್ಲೊಮಾ ಮಾಡಿದವಳು, ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ಬಿದಿರಿಗೂ ಮಾಟ ಮಾಡಿಸ್ತಾರಾ ಅಜ್ಜಿ, ಅದರ ಹೆಸರಲ್ಲಿ ಎಷ್ಟು ಎಕರೆ ಇತ್ತು ಎಂದು ಕೇಳಿ ತಾನೇ ನಕ್ಕಳು. ಅಜ್ಜಿ ನಗಲಿಲ್ಲ. ಅವರ ಕಣ್ಣು ಚಂದ್ರಿಕೆಯ ಒಂದು ಮೂಲೆಯಲ್ಲಿ ನಿಂತುಬಿಟ್ಟಿತ್ತು. ಅಲ್ಲಿ ಬಿದಿರ ಹೆಣಿಗೆಗೆ ಸೇರಿಸಿ ಒಂದು ಕಪ್ಪು ದಾರ ಕಟ್ಟಿತ್ತು. ಎಣ್ಣೆ ಹಿಡಿದು ಜಿಗುಟಾದ ದಾರ. ಅದರೊಳಗೆ ಕೂದಲು ಹೊಸೆದಿತ್ತು. ಏಳು ಗಂಟು.

ದರ್ಜಿಗಳ ಕೈ ಗಂಟು ಕಂಡರೆ ಮೊದಲು ಹುಡುಕುವುದು ಕತ್ತರಿಯನ್ನು. ಹೇಮಶ್ರೀ ಚೀಲದಿಂದ ಪುಟ್ಟ ಕತ್ತರಿ ತೆಗೆದಳು. ಅಷ್ಟರಲ್ಲಿ ಸಿದ್ದಲಿಂಗಮ್ಮ ಮೊದಲ ಸಲ ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟರು, ಬೆರಳುಗಳನ್ನು ದಾರದ ಕಡೆ ಚಾಚಿದರು. ಕತ್ರಿ ಆಡಿಸ್ಬ್ಯಾಡ, ನಾನೇ ಬಿಚ್... ಎಂದವರು ಅರ್ಧಕ್ಕೆ ನಿಂತರು. ಕೈ ಹಿಂದಕ್ಕೆ ಹೋಯಿತು. ಹೇಮಶ್ರೀ ಒಂದು ಕ್ಷಣ ಕಾದಳು, ಆಮೇಲೆ ಕಚಕ್ ಎಂದು ದಾರ ಕತ್ತರಿಸಿ ಎಸೆದಳು. ಸುಟ್ಟ ಕೂದಲಿನ ವಾಸನೆ ಭಗ್ಗೆಂದು ಎದ್ದು ಹೋಯಿತು. ಯಾರೋ ಪಕ್ಕದಲ್ಲಿ ಕಸ ಸುಡುತ್ತಿರಬೇಕು ಎಂದುಕೊಂಡಳು.

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ಸುತ್ತಲಿನ ನಾಲ್ಕು ತಾಲ್ಲೂಕಿನ ಮದುವೆ ಹೆಣ್ಣುಗಳು ರವಿಕೆ ಹೊಲಿಸಲು ಅಲ್ಲಿಗೆ ಬರುತ್ತಿದ್ದರು. ಈ ಸಲದ ಹೆಣ್ಣು ಮನೆಯವಳೇ, ನಾದಿನಿ ಅರ್ಪಿತ. ಕೆ.ಆರ್. ಪೇಟೆಯ ಸಿದ್ದಾರ್ಥನ ಜೊತೆ ಮದುವೆ. ನಿಶ್ಚಿತಾರ್ಥದ ದಿನ ಗಂಡಿನ ತಾಯಿ ಎಲ್ಲರ ಎದುರಿಗೆ, ಹುಡುಗಿ ಮೊಕ ಲಕ್ಷಣವಾಗಿ ಅದೆ, ಸೊಂಟ ಒಂದು ಒಸಿ ದಪ್ಪ ಅಂದುಬಿಟ್ಟಿದ್ದರು. ಅವತ್ತಿನಿಂದ ಅರ್ಪಿತ ನೆಟ್ಟಗೆ ಉಂಡಿರಲಿಲ್ಲ. ಫೋನಿನಲ್ಲಿ ಕಾರ್ಸೆಟ್ ಬ್ಲೌಸಿನ ಫೋಟೊ ತೋರಿಸಿ, ಅತ್ತಿಗೆ, ಆರತಕ್ಷತೆಗೆ ನನಗೆ ಇದನ್ನೇ ಹೊಲಿದುಕೊಡಿ ಎಂದು ಅತ್ತಿದ್ದಳು. ಗುರುತಿಲ್ಲದ ಮನೆಗೆ ಬಂದ ಮೊದಲ ತಿಂಗಳು ಹೇಮಶ್ರೀ ಒಬ್ಬಳೇ ಕೂತು ಅಳುತ್ತಿದ್ದಾಗ ಏನೂ ಕೇಳದೆ ಪಕ್ಕದಲ್ಲಿ ಬಂದು ಕೂತಿದ್ದವಳು ಈ ಹುಡುಗಿ. ಅವಳೆಂದರೆ ಹೇಮಶ್ರೀಗೆ ಪ್ರಾಣ. ಆ ಸೊಂಟದ ಬಗ್ಗೆ ಇನ್ನೊಬ್ಬರು ತುಟಿ ಬಿಚ್ಚದ ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದಳು.

ಕಾರ್ಸೆಟ್ ಎಂದರೆ ಬಿಗಿ ಬ್ಲೌಸು ಎಂದುಕೊಂಡವರೇ ಹೆಚ್ಚು, ಅಂಥವರನ್ನು ಕಂಡರೆ ಹೇಮಶ್ರೀಗೆ ಮೈಯುರಿ. ಅವಳ ಪ್ರಕಾರ ಅದು ಹೊಲಿಗೆಗಿಂತ ಮನೆ ಕಟ್ಟುವ ಕೆಲಸಕ್ಕೆ ಹತ್ತಿರ. ಮೇಲೆ ಕಾಣುವ ರೇಷ್ಮೆ ಬರೀ ಅಲಂಕಾರ. ಮೈಗೆ ತಾಗುವ ತೆಳ್ಳನೆಯ ಹತ್ತಿಯ ಮಲ್ ಬಟ್ಟೆ ಬೆವರು ಹೀರಲು. ಇವೆರಡರ ನಡುವೆ ಯಾರಿಗೂ ಕಾಣದೆ ಇರುವ ಡ್ರಿಲ್ ಬಟ್ಟೆಯೇ ಯಜಮಾನ. ಖಾಕಿ ಪ್ಯಾಂಟಿಗೆ ಬಳಸುವಂಥ ದಪ್ಪ ನೇಯ್ಗೆ, ಎಳೆದರೆ ಎಳ್ಳಷ್ಟೂ ಹಿಗ್ಗದ್ದು. ಹನ್ನೆರಡು ತುಂಡುಗಳಾಗಿ ಕತ್ತರಿಸಿ, ಸೊಂಟದ ಹತ್ತಿರ ಕಿರಿದು ಮಾಡಿ, ಮತ್ತೆ ಅಗಲಿಸಿ ಜೋಡಿಸಬೇಕು. ಸೊಂಟದ ಗೆರೆಗೆ ಒಳಗಡೆ ಒಂದು ಗಟ್ಟಿ ಟೇಪು. ಜೋಡಣೆಯ ಉದ್ದಕ್ಕೂ ಸಣ್ಣ ಓಣಿಗಳನ್ನು ಹೊಲಿದು ಅದರೊಳಗೆ ಕಡ್ಡಿ ತೂರಿಸಬೇಕು. ಬಿಗಿಯುವುದು ಬಟ್ಟೆ, ಬಟ್ಟೆ ಮುದುರದ ಹಾಗೆ ನಿಲ್ಲಿಸುವುದಷ್ಟೇ ಕಡ್ಡಿಯ ಕೆಲಸ, ಬಟ್ಟೆಯಿಲ್ಲದೆ ಕಡ್ಡಿ ಯಾರನ್ನೂ ಹಿಡಿಯಲಾರದು ಎಂದು ಕಲಿಯಲು ಬರುವ ಹುಡುಗಿಯರಿಗೆ ಅವಳು ದಿನಾ ಹೇಳುತ್ತಿದ್ದಳು. ಬೆನ್ನ ಹಿಂದೆ ಎರಡು ಸಾಲು ಲೋಹದ ಕಣ್ಣು, ಅದರಲ್ಲಿ ಅಡ್ಡಡ್ಡ ಓಡುವ ಹುರಿ. ಎಷ್ಟೇ ಎಳೆದರೂ ಎರಡು ಅಂಚಿನ ನಡುವೆ ಮೂರು ಬೆರಳಗಲ ಬಿಟ್ಟಿರಬೇಕು. ಆ ಮೂರು ಬೆರಳು ಉಸಿರಿನ ಜಾಗ.

ಉಕ್ಕಿನ ಕಡ್ಡಿಗಳು ಬೆಂಗಳೂರಿನಿಂದ ಬರಬೇಕಿತ್ತು, ಬರಲಿಲ್ಲ. ಪ್ಲಾಸ್ಟಿಕ್ ಕಡ್ಡಿ ಹಾಕಿದರೆ ಮೈ ಬಿಸಿಗೆ ಮೆತ್ತಗಾಗಿ ಸೊಂಟದಲ್ಲಿ ಮಡಚಿಕೊಳ್ಳುತ್ತದೆ. ಹಾಗಾಗಿ ಬಿದಿರು. ಚಂದ್ರಿಕೆಯ ದಬ್ಬೆಗಳನ್ನು ಬಿಡಿಸಿ, ಕಾಲಿಂಚು ಅಗಲಕ್ಕೆ ಸೀಳಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಬಟ್ಟೆಯನ್ನು ಚುಚ್ಚದಂತೆ ತುದಿಗಳನ್ನು ದುಂಡಗೆ ಉಜ್ಜಿದಳು. ಹದಿಮೂರು ಇಂಚಿನವು, ಹದಿನಾಲ್ಕು ಕಡ್ಡಿ. ಉಕ್ಕಿಗಿಂತ ಚೆನ್ನಾಗಿದ್ದವು. ಸಂಜೆ ಸಿದ್ದಲಿಂಗಮ್ಮ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿ, ಸೀಳ್ದಾ ಎಂದು ಒಂದೇ ಮಾತು ಕೇಳಿದರು. ಮುದುಕಿಯ ನೆಮ್ಮದಿ ಯಾಕೆ ಕೆಡಿಸಬೇಕು ಎಂದು ಹೇಮಶ್ರೀ, ಇಲ್ಲ ಅಜ್ಜಿ, ಹಾಗೇ ಇಟ್ಟಿದೀನಿ ಎಂದು ಸುಳ್ಳು ಹೇಳಿದಳು.

ಸದ್ದು ಶುರುವಾದದ್ದು ಕಡ್ಡಿ ತೂರಿಸಿದ ಮಾರನೆಯ ದಿನ. ಮಧ್ಯಾಹ್ನ ಹೊಲಿಗೆ ಯಂತ್ರ ನಿಲ್ಲಿಸಿ ಊಟದ ಡಬ್ಬಿ ತೆರೆದಿದ್ದಳು. ಹೊರಗೆ ತುಂತುರು ಹನಿ ಬಿದ್ದ ಹಾಗೆ ಚರಚರ ಚರಚರ ಎಂದು ಕೇಳಿತು. ಬಾಗಿಲಿಗೆ ಹೋಗಿ ನೋಡಿದರೆ ಉರಿಬಿಸಿಲು. ಒಳಗೆ ಬಂದರೆ ಮತ್ತೆ ಸದ್ದು. ಬಿದಿರಿಗೆ ಹುಳು ಹಿಡಿದಿದೆಯೇ ಎಂದು ಒಂದೊಂದು ಓಣಿಗೂ ಕಿವಿ ಕೊಟ್ಟು ಕೇಳಿದಳು, ಬೆರಳಿನಿಂದ ಒತ್ತಿ ನೋಡಿದಳು. ಏನೂ ಸಿಗಲಿಲ್ಲ. ಅನ್ನ ಸೇರಲಿಲ್ಲ. ಕೂತರೆ ಏಳಬೇಕು, ಎದ್ದರೆ ಬಾಗಿಲಿಗೆ ಹೋಗಬೇಕು, ಬಾಗಿಲಿಗೆ ಹೋದರೆ ಹಿಂದೆ ತಿರುಗಿ ನೋಡಬೇಕು ಅನ್ನಿಸುತ್ತಿತ್ತು. ಮದುವೆ ಕೆಲಸದ ಒತ್ತಡ ಎಂದುಕೊಂಡಳು.

ಅಂದು ಕಾರ್ಸೆಟ್ಟನ್ನು ಅಂಗಡಿಯ ಬೊಂಬೆಗೆ ತೊಡಿಸಿ, ಹುರಿ ಎಳೆದು, ಹಿಂದೆ ಮೂರು ಬೆರಳಗಲ ಬಿಟ್ಟು ಗಂಟು ಹಾಕಿ ಮನೆಗೆ ಹೋದಳು. ಬೆಳಗ್ಗೆ ಬಂದು ನೋಡಿದರೆ ಎರಡು ಅಂಚೂ ಒಂದಕ್ಕೊಂದು ಕೂಡಿಕೊಂಡಿದ್ದವು. ಹುರಿ ಸಡಿಲಾಗಿ ಜೋತುಬಿದ್ದಿತ್ತು. ಇದು ಹೇಗೆ ಸಾಧ್ಯ? ಹುರಿ ಸಡಿಲಾದರೆ ಅಂಚು ದೂರವಾಗಬೇಕು. ಬಿಚ್ಚಿ ನೋಡಿದಾಗ ಬೊಂಬೆಯ ಸೊಂಟ ಒಳಕ್ಕೆ ಕುಸಿದು ಬಿರುಕು ಬಿಟ್ಟಿತ್ತು. ಕಳಪೆ ಮಾಲು ತಲೆಗೆ ಕಟ್ಟಿದ ಅಂಗಡಿಯವನನ್ನು ಬೈದುಕೊಂಡು ಅದನ್ನು ಮೂಲೆಗೆ ತಳ್ಳಿದಳು.

ಮದುವೆಗೆ ಎರಡು ದಿನ ಇರುವಾಗ ಅರ್ಪಿತ ಅಳತೆ ನೋಡಲು ಬಂದಳು. ತೊಟ್ಟು ಕನ್ನಡಿಯ ಮುಂದೆ ನಿಂತಳು. ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು, ಕಣ್ಣು ತುಂಬಿಕೊಂಡು ಹೇಮಶ್ರೀಯನ್ನು ತಬ್ಬಿಕೊಂಡಳು. ಆ ತಬ್ಬುಗೆಯಲ್ಲಿ ಹೇಮಶ್ರೀ ಬೊಂಬೆಯನ್ನು ಮರೆತಳು. ಆಮೇಲೆ ಹುಡುಗಿ ತಲೆ ಓರೆ ಮಾಡಿ ಏನನ್ನೋ ಆಲಿಸಿದಳು.

"ಅತ್ಗೆ, ಇಲ್ಲಿ ಯಾರಾದ್ರೂ ಹುಳಾ ಸಾಕವ್ರಾ? ಸೊಪ್ಪು ಮೇಯೋ ಸದ್ದು ಬತ್ತಾ ಅದೆ."

ಹಳ್ಳಿಯಲ್ಲಿ ಬೆಳೆದವಳಿಗೆ ಆ ಸದ್ದು ಗೊತ್ತಿತ್ತು. ಹೇಮಶ್ರೀ ಬೇಗ ಬೇಗ ಹುರಿ ಬಿಚ್ಚಿದಳು. ಹತ್ತು ನಿಮಿಷ ಕೂಡ ತೊಟ್ಟಿರಲಿಲ್ಲ. ಆದರೂ ಹುಡುಗಿಯ ಮೈಮೇಲೆ ಕೆಂಪು ಬರೆ ಮೂಡಿತ್ತು. ಕಡ್ಡಿಗಳಿದ್ದದ್ದು ನೆಟ್ಟಗೆ, ಮೇಲಿಂದ ಕೆಳಕ್ಕೆ. ಬರೆ ಇದ್ದದ್ದು ಹೊಕ್ಕುಳಿನಿಂದ ಹೊರಟು ಸೊಂಟವನ್ನು ಬಳಸುತ್ತ ಸುರುಳಿ ಸುರುಳಿಯಾಗಿ. ಮಲ್ ಬಟ್ಟೆ ಮಡಚಿಕೊಂಡಿರಬೇಕು ಎಂದಳು ಹೇಮಶ್ರೀ. ಅದು ಸುಳ್ಳೆಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಬೇರೆ ಬ್ಲೌಸು ಹೊಲಿಯಲು ಆಗಲೂ ಸಮಯವಿತ್ತು. ಆದರೆ ಹೆದರಿದೆ ಎಂದು ಒಪ್ಪಿಕೊಂಡರೆ ಅಜ್ಜಿಯ ಮುಂದೆ ಸೋತಂತಾಗುತ್ತದಲ್ಲ, ಆ ಹಟ ಬಿಡಲಿಲ್ಲ.

ಪಾಂಡವಪುರದ ಛತ್ರದಲ್ಲಿ ಆರತಕ್ಷತೆ. ಸಂಜೆ ನಾಲ್ಕಕ್ಕೆಲ್ಲ ಹೆಣ್ಣನ್ನು ಅಣಿಗೊಳಿಸಲು ಶುರು ಮಾಡಿದರು. ಅಲಂಕಾರದ ಕೋಣೆಗೆ ಕಿಟಕಿ ಇರಲಿಲ್ಲ. ಮಲ್ಲಿಗೆ, ಕೂದಲಿಗೆ ಹೊಡೆಯುವ ಸ್ಪ್ರೇ, ಕೆಳಗಿನ ಅಡುಗೆಮನೆಯ ಕಾದ ಎಣ್ಣೆ, ಎಲ್ಲದರ ವಾಸನೆ ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಹೇಮಶ್ರೀ ಕಾರ್ಸೆಟ್ ತೊಡಿಸಿ ಮೇಲಿನಿಂದ ಒಂದು, ಕೆಳಗಿನಿಂದ ಒಂದು ಹುರಿ ಎಳೆಯುತ್ತ ಸೊಂಟಕ್ಕೆ ಬಂದಳು. ಮೂರು ಬೆರಳಿಟ್ಟು ಅಳೆದಳು. ಎರಡು ಸುತ್ತು ಗಂಟು ಬಿಗಿದು ತುದಿಯನ್ನು ಒಳಗೆ ಸೇರಿಸಿದಳು. ಅಲಂಕಾರದವಳು ಪಿನ್ನು ತರಲು ಹೊರಗೆ ಹೋದಳು. ಅದೇ ಹೊತ್ತಿಗೆ ಕರೆಂಟು ಹೋಯಿತು. ಜನರೇಟರು ವೇದಿಕೆಗೆ ಮಾತ್ರ.

"ಅತ್ಗೆ, ಒಸಿ ಸಡ್ಲ ಮಾಡಿ."

ಹೇಮಶ್ರೀ ಕತ್ತಲೆಯಲ್ಲಿ ಬೆನ್ನಿಗೆ ಕೈ ಹಾಕಿದಳು. ಎರಡು ಬೆರಳಗಲ. ಫೋನಿಗಾಗಿ ತಡಕಾಡಿ ಟಾರ್ಚು ಹಚ್ಚಿದಳು. ಒಂದು ಬೆರಳು. ನೋಡುತ್ತಿದ್ದ ಹಾಗೆ ಎರಡು ಅಂಚೂ ಕೂಡಿದವು. ಹುರಿ ಸಡಿಲಾಗಿ ಅವಳ ಕೈಮೇಲೆ ಜೋತುಬಿತ್ತು. ಎಳೆಯುವವರು ಯಾರೂ ಇಲ್ಲ. ಆದರೂ ಬಿಗಿಯುತ್ತಿದೆ. ಚರಚರ ಎಂಬ ಸದ್ದು ಎದ್ದಿತು. ಈಗ ತುಂತುರಲ್ಲ, ಜಡಿಮಳೆ. ಎಲ್ಲಿಂದಲೋ ಹುಳು ಬೇಯಿಸಿದ ವಾಸನೆ ಬಂತು. ಸಾವಿರಾರು ಹುಳುಗಳನ್ನು ಅವುಗಳ ಗೂಡಿನಲ್ಲೇ ಬೇಯಿಸಿದ ಸಿಹಿಗೊಳಕು ವಾಸನೆ.

ಅರ್ಪಿತ ಕುರ್ಚಿ ಹಿಡಿದುಕೊಂಡಳು. ಬಾಯಿ ತೆರೆದಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿಯಾಗತೊಡಗಿತ್ತು.

ಹೇಮಶ್ರೀ ದೊಡ್ಡ ಕತ್ತರಿ ಎತ್ತಿಕೊಂಡಳು. ಮುಂಭಾಗದ ರೇಷ್ಮೆ ಕತ್ತರಿಸಿದಳು. ಡ್ರಿಲ್ ಕತ್ತರಿಸಿದಳು. ಸೊಂಟದ ಟೇಪು ಕತ್ತರಿಸಿದಳು. ಮಲ್ ಬಟ್ಟೆ ಹರಿದಳು. ಬಟ್ಟೆ ಪಕ್ಕೆಯಿಂದ ಕಳಚಿ ನೇತಾಡಿತು. ಬಿಗಿತ ಹೋಗಲೇಬೇಕು. ಹೋಗಲಿಲ್ಲ. ಕಡ್ಡಿಗಳು ಬೀಳಲಿಲ್ಲ. ಬರಿಯ ಕಡ್ಡಿಗಳು ಓಣಿಗಳಿಂದ ಜಾರಿ ಹೊರಬಂದು, ಹುಡುಗಿಯ ಸೊಂಟವನ್ನು ಬಳಸಿ, ಒಂದರ ಬಾಲಕ್ಕೆ ಇನ್ನೊಂದು ಸೇರಿಕೊಂಡು ಸುತ್ತುತ್ತಿದ್ದವು. ಸುರುಳಿ ಸುರುಳಿಯಾಗಿ. ಅವುಗಳ ನಡುವೆ ಬೆಳ್ಳನೆಯ ನೂಲು. ಬಟ್ಟೆಯಿಲ್ಲದೆ ಕಡ್ಡಿ ಯಾರನ್ನೂ ಹಿಡಿಯಲಾರದು. ಅವಳೇ ಕಲಿಸಿದ ಪಾಠ. ಕಡ್ಡಿ ಹಿಡಿದಿತ್ತು. ಅವಳು ಓದಿದ್ದು, ಕಲಿತದ್ದು, ಹೊಲಿದದ್ದು ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಬೆನ್ನಿನ ಮೇಲೆ ಗಂಟು ಮಾತ್ರ ಉಳಿದಿತ್ತು. ಕತ್ತರಿಯ ಬಾಯಿಯನ್ನು ಅದಕ್ಕೆ ಇಟ್ಟಳು.

"ಕತ್ರಿ ಬುಡು."

ಬಾಗಿಲಲ್ಲಿ ಸಿದ್ದಲಿಂಗಮ್ಮ. ಆ ಸದ್ದು ಅವರಿಗೆ ಹಜಾರದವರೆಗೂ ಕೇಳಿತ್ತು. ನೂಕಿಕೊಂಡು ಬಂದು ಮೊಮ್ಮಗಳ ಬೆನ್ನಿನ ಗಂಟಿಗೆ ತಾವೇ ಉಗುರು ಹಾಕಿದರು. ಗಂಟು ಕಲ್ಲಾಗಿತ್ತು. ಉಗುರು ಕಿತ್ತು ರಕ್ತ ಬಂತು. ಅಲುಗಲಿಲ್ಲ.

"ನಮ್ ಓರ್ಗಿತ್ತಿ ಕುಳ್ಳಮ್ಮುಂಗೆ ಆ ದಾರ ಕಟ್ಟಿದ್ದು ನಾನೇ ಕಣವ್ವ. ಆ ಗಂಟಾಗಿದ್ರೆ ನಾನ್ ಬಿಚ್ತಿದ್ದೆ. ನೀನ್ ಕತ್ರುಸ್ಬುಟ್ಟೆ. ಈ ಗಂಟು ನಿಂದು. ಕಟ್ಟಿದ ಕೈಯೇ ಬಿಚ್ಬೇಕು." ಮುದುಕಿಯ ದನಿ ಇಳಿಯಿತು. "ಅದು ಜೀವ ಹಿಡ್ಕಂಡ್ಮೇಲೆ ಬಿಚ್ದೋರ್ಗೇ ಸುತ್ಕತ್ತದೆ."

ಹೇಮಶ್ರೀ ಕತ್ತರಿ ಬಿಸುಟು ಗಂಟಿಗೆ ಬೆರಳು ಹಾಕಿದಳು. ಅವಳ ಬೆರಳಿಗೆ ಅದು ಮೆತ್ತಗಿತ್ತು. ಮೊದಲ ಸುತ್ತು ಸಡಿಲಾಯಿತು. ಅರ್ಪಿತ ಗಕ್ಕನೆ ಒಂದು ಗುಟುಕು ಗಾಳಿ ಎಳೆದುಕೊಂಡಳು. ಅದೇ ಗಳಿಗೆ ಹೇಮಶ್ರೀಯ ಸೊಂಟದ ಸುತ್ತ, ಸೀರೆಯ ಒಳಗೆ, ಚರ್ಮದ ಒಳಗೆ, ಬೆರಳಗಲದ್ದೇನೋ ತಣ್ಣಗೆ ಹರಿದು ಒಂದು ಸುತ್ತು ಬಂತು. ಅವಳ ಕೈ ನಿಂತಿತು. ಅಜ್ಜಿ ಹೇಳಿದ್ದು ನಿಜ. ಎಲ್ಲವೂ ನಿಜ. ಅವಳಿಗೆ ಸಾಯಲು ಇಷ್ಟವಿರಲಿಲ್ಲ. ಇಪ್ಪತ್ತೆಂಟು ವಯಸ್ಸು. ಕೈ ಹಿಂದಕ್ಕೆ ತೆಗೆದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. ಅರ್ಪಿತ ಕುರ್ಚಿ ಹಿಡಿದುಕೊಂಡೇ ಕತ್ತು ತಿರುಗಿಸಿ ಅವಳನ್ನೇ ನೋಡಿದಳು. ಆ ಕಣ್ಣಲ್ಲಿ ಬೈಗುಳವಿರಲಿಲ್ಲ, ನಂಬಿಕೆಯಿತ್ತು. ಹೇಮಶ್ರೀ ಕಣ್ಣು ಮುಚ್ಚಿ ಎರಡನೆಯ ಸುತ್ತು ಬಿಚ್ಚಿದಳು. ಹುರಿಯನ್ನು ಒಂದೊಂದೇ ಲೋಹದ ಕಣ್ಣಿನಿಂದ ಎಳೆದಳು. ಒಂದು ಕಣ್ಣಿಗೆ ಒಂದು ಸುತ್ತು. ಹುಡುಗಿ ಬಿಡುವ ಉಸಿರು, ಇವಳಿಗೆ ಕಟ್ಟುವ ಉಸಿರು. ಕೊನೆಯ ಕಣ್ಣಿನಿಂದ ಹುರಿ ಈಚೆಗೆ ಬಂದಾಗ ಹದಿನಾಲ್ಕೂ ಕಡ್ಡಿಗಳು ಪಟಪಟನೆ ನೆಲಕ್ಕೆ ಉದುರಿದವು. ಕರೆಂಟು ಬಂತು.

ಅರ್ಧ ಗಂಟೆ ತಡವಾಗಿ ಅರ್ಪಿತ ಸಾದಾ ರವಿಕೆ ತೊಟ್ಟು ವೇದಿಕೆ ಹತ್ತಿದಳು. ಗಂಡಿನ ತಾಯಿ ಸೊಂಟದ ಮಾತು ಎತ್ತಲಿಲ್ಲ. ಎತ್ತಿದ್ದರೂ ಆ ಹುಡುಗಿ ಅವತ್ತು ಲೆಕ್ಕಿಸುತ್ತಿರಲಿಲ್ಲ. ಫೋಟೊಗಳಲ್ಲಿ ಹೇಮಶ್ರೀ ಒಂದು ಕೊನೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಾಳೆ.

ಉಳಿದ ಕತೆಯನ್ನು ಸಿದ್ದಲಿಂಗಮ್ಮ ಆ ವಾರವೇ ಅಂಗಡಿಗೆ ಬಂದು ಹೇಳಿದರು. ಕುಳ್ಳಮ್ಮ ಅವರ ಓರಗಿತ್ತಿ. ಇಬ್ಬರೂ ಒಂದೇ ಹುಳುಮನೆಯಲ್ಲಿ ಹುಳು ಸಾಕುತ್ತಿದ್ದರು. ಕುಳ್ಳಮ್ಮನ ಗೂಡು ಪ್ರತಿ ಬೆಳೆಗೂ ಬೆಳ್ಳಗೆ ಗಟ್ಟಿಯಾಗಿ ಬರುತ್ತಿತ್ತು, ಇವರದು ಪ್ರತಿ ಬೆಳೆಗೂ ರೋಗ ಬಂದು ಕೊಳೆಯುತ್ತಿತ್ತು. ಹೊಟ್ಟೆಕಿಚ್ಚು ತಡೆಯಲಾರದೆ ಹೊಳೆಯಾಚೆಯ ಮಂತ್ರವಾದಿಯ ಹತ್ತಿರ ಹೋಗಿ, ಓರಗಿತ್ತಿಯ ಕೂದಲು ಹೊಸೆದ ದಾರ ತಂದು, ಅವಳ ಚಂದ್ರಿಕೆಗೆ ಏಳು ಗಂಟು ಹಾಕಿದರು. ಗೂಡು ಕೆಡಲಿ ಎಂದಷ್ಟೇ ಹಾಕಿದ್ದು. ಮೂರನೆಯ ದಿನ ಕುಳ್ಳಮ್ಮ ಹುಳುಮನೆಯಲ್ಲಿ ಉಸಿರು ಕಟ್ಟಿ ಸತ್ತುಬಿದ್ದಿದ್ದಳು, ಸೊಂಟದ ಸುತ್ತ ಕೆಂಪು ಸುರುಳಿ. ಬಿಚ್ಚಿಬಿಡೋಣ ಎಂದು ಎಷ್ಟೋ ಸಲ ಆ ಹುಳುಮನೆಯ ಹೊಸ್ತಿಲಾಚೆ ಬಂದು ಕೂತಿದ್ದರಂತೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಧೈರ್ಯ ಬರಲಿಲ್ಲ. ಹೊಸ್ತಿಲು ದಾಟಿ ಕೈ ಚಾಚಿದ ಒಂದೇ ಒಂದು ದಿನವೂ ಕೈ ಹಿಂದಕ್ಕೆ ಬಂದಿತ್ತು.

ಹೋಗುವ ಮುಂಚೆ ಅಜ್ಜಿ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು.

"ಆ ಕಡ್ಡಿನ ಇನ್ನೊಬ್ರಿಗೆ ಕಟ್ಬುಟ್ರೆ ನಿಂಗೆ ಸಡ್ಲಾಯ್ತದೆ. ನಂಗೇ ಕಟ್ಬುಡು ಮಗ. ನಾನ್ ಇದ್ದೇನು ಮಾಡ್ಬೇಕು."

ಹೇಮಶ್ರೀ ಒಪ್ಪಲಿಲ್ಲ. ನಾನು ಅಂಥವಳಲ್ಲ ಅಜ್ಜಿ ಎಂದು ಅವರ ಕೈ ಹಿಡಿದುಕೊಂಡಳು. ಮೂವತ್ತೊಂದು ಇಂಚಿದ್ದ ಸೊಂಟ ಆಗ ಇನ್ನೂ ಮೂವತ್ತೂವರೆ. ಧೈರ್ಯವಿತ್ತು. ಮಾರನೆಯ ತಿಂಗಳು ಸಿದ್ದಲಿಂಗಮ್ಮ ಮಲಗಿದಲ್ಲೇ ತೀರಿಕೊಂಡರು.

ಶುಕ್ರವಾರ ಶುಕ್ರವಾರ ಅವಳು ಅಂಗಡಿಯ ಬಾಗಿಲು ಹಾಕಿಕೊಂಡು ಟೇಪು ಸುತ್ತಿ ನೋಡುತ್ತಾಳೆ. ವಾರಕ್ಕೆ ಅರ್ಧ ಇಂಚು. ಕುಳ್ಳಮ್ಮನಿಗೆ ಮೂರು ದಿನ ಸಾಕಾಗಿತ್ತು, ಇವಳಿಗೆ ಯಾಕೆ ಇಷ್ಟು ನಿಧಾನವೋ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದರು, ಏನೂ ಕಾಣಲಿಲ್ಲ. ಬೆನ್ನ ಹಿಂದೆ ಕೈ ಹಾಕಿ ಬಿಚ್ಚಲು ಒಂದು ಗಂಟಾದರೂ ಸಿಗುತ್ತದೆಯೇ ಎಂದು ತಡವುತ್ತಾಳೆ. ಗಂಟಿಲ್ಲ. ಮೆಟ್ಟಿಲು ಹತ್ತಿದರೆ ಮೂರು ಸಲ ನಿಲ್ಲಬೇಕು. ಮಲಗಿದರೆ ಉಸಿರು ಸಾಲದು, ಕೂತರೆ ಪಕ್ಕೆಲುಬು ಚುಚ್ಚುತ್ತದೆ. ಒಳಗೆ ಚರಚರ ಸದ್ದು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹದಿನಾಲ್ಕು ಕಡ್ಡಿಗಳನ್ನು ಕಟ್ಟಿ ಬೀರುವಿನ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದಾಳೆ. ಸುಡಂಗಿಲ್ಲ, ನೀರಿಗ್ ಬುಡಂಗಿಲ್ಲ.

ಬಂದವರೆಲ್ಲ ಅವಳ ಸೊಂಟ ಹೊಗಳುತ್ತಾರೆ. ಎಷ್ಟು ಸಣ್ಣ ಆಗಿಬಿಟ್ಟಿದ್ದೀರಿ ಮೇಡಂ, ಏನು ತಿಂತೀರಿ ಎಂದು ಕೇಳುತ್ತಾರೆ. ಹಾಗೆ ಕೇಳಿ, ತಮಗೂ ಒಂದು ಕಾರ್ಸೆಟ್ ಬೇಕೆಂದ ಏಳು ಹುಡುಗಿಯರನ್ನು ಅವಳು ಹೊಲಿಯುವುದಿಲ್ಲ ಎಂದು ವಾಪಸು ಕಳಿಸಿದಳು.

ನಾಲ್ಕು ತಿಂಗಳಾಗಿ ಟೇಪು ಇಪ್ಪತ್ಮೂರಕ್ಕೆ ಬಂದ ಶುಕ್ರವಾರ, ಬೆಳಗೊಳದಿಂದ ಪ್ರಿಯಾಂಕ ಎಂಬ ಹುಡುಗಿ ಬಂದಳು. ಮುಂದಿನ ತಿಂಗಳು ಮದುವೆ. ಬಿಸಿಲಲ್ಲಿ ಸ್ಕೂಟರು ಓಡಿಸಿಕೊಂಡು ಬಂದು, ಕುರ್ಚಿಯಲ್ಲಿ ಧೊಪ್ಪೆಂದು ಕೂತು, ನೀರು ಕುಡಿದು, ಹೊಟ್ಟೆ ತುಂಬ ಉಸಿರೆಳೆದು ಹಾ ಎಂದು ಬಿಟ್ಟಳು. ಹೇಮಶ್ರೀಯ ಕಣ್ಣು ಆ ಉಸಿರಿನ ಮೇಲೆ ನಿಂತಿತು. ಎಷ್ಟು ಸಲೀಸಾಗಿ ಎಳೆದುಕೊಳ್ಳುತ್ತಾಳೆ. ಎಷ್ಟು ಸಲೀಸಾಗಿ ಬಿಡುತ್ತಾಳೆ. ಹೊಟ್ಟೆಯಲ್ಲಿ ಕಿಚ್ಚೆದ್ದಿತು.

ನಿಮ್ಮಂಥದ್ದೇ ಸೊಂಟ ಕಾಣುವ ಹಾಗೆ ಕಾರ್ಸೆಟ್ ಹೊಲಿದುಕೊಡಿ ಎಂದಳು ಹುಡುಗಿ.

"ಬೇಡಮ್ಮ," ಹೇಮಶ್ರೀ ನಿಲ್ಲಿಸಿ ನಿಲ್ಲಿಸಿ ಹೇಳಿದಳು, "ಅದರ ಕಡ್ಡಿ ಒಳ್ಳೇದಲ್ಲ. ಮಾಟದ್ದು."

ಪ್ರಿಯಾಂಕ ಕಿಸಕ್ಕೆಂದು ನಕ್ಕಳು. "ಕಡ್ಡಿಗೆಲ್ಲ ಯಾರು ಮಾಟ ಮಾಡಿಸ್ತಾರೆ ಮೇಡಂ?"

ಹೇಳುವುದನ್ನು ಹೇಳಿಯಾಯಿತು. ಕೇಳದಿದ್ದರೆ ತನ್ನದೇನು ತಪ್ಪು? ಹೇಮಶ್ರೀ ಗೋಡೆ ಹಿಡಿದು ಎದ್ದಳು. ಬೀರುವಿನ ಕಡೆ ಒಮ್ಮೆ ನೋಡಿದಳು. ಕೊರಳಿಗೆ ಹಾಕಿಕೊಂಡಿದ್ದ ಟೇಪು ತೆಗೆದಳು.

"ಕೈ ಮೇಲೆತ್ತಿ," ಎಂದಳು.

ಹುಡುಗಿ ನಗುತ್ತಲೇ ಎರಡೂ ಕೈ ಮೇಲೆತ್ತಿದಳು. ಹೇಮಶ್ರೀ ಆ ಸೊಂಟಕ್ಕೆ ಟೇಪು ಸುತ್ತಿ ಎರಡು ತುದಿಯನ್ನೂ ಕೂಡಿಸಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ, ಮೇಯುವ ಸದ್ದು ನಿಂತಿತು.